ಗಡಿನಾಡಿನಲ್ಲಿ ಮಗಳಿಗೊಂದು ಮಾಂಟೆಸ್ಸೊರಿ ಶಾಲೆ ಹುಡುಕಿದ ಬಗೆ

ಮಾಂಟೆಸ್ಸೊರಿ ಎಂಬ ಹೆಸರನ್ನು ಯಾರು ಬೇಕಾದರೂ ತಮ್ಮ ಶಾಲೆಯ ಫಲಕದಲ್ಲಿ ಬರೆಸಿಕೊಳ್ಳಬಹುದು. ಅದರ ಮೇಲೆ ಯಾರೊಬ್ಬರಿಗೂ ವಿಶೇಷ ಹಕ್ಕಿಲ್ಲ. ಚಿಕ್ಕ ಮಕ್ಕಳು ತಾವೇ ಆರಿಸಿಕೊಂಡ ಕೆಲಸದ ಮೂಲಕ ಕಲಿಯುವ ಈ ಪದ್ಧತಿಯನ್ನು ರೂಪಿಸಿದ ಇಟಲಿಯ ವೈದ್ಯೆ, ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸೊರಿ ಅವರು 1929ರಲ್ಲಿ ಸ್ಥಾಪಿಸಿದ ಎ.ಎಂ.ಐ. (ಅಸೋಸಿಯೇಷನ್ ಮಾಂಟೆಸ್ಸೊರಿ ಇಂಟರ್‌ನ್ಯಾಷನಲ್) ಎಂಬ ಅಂತರರಾಷ್ಟ್ರೀಯ ಸಂಸ್ಥೆಯು ಇಂದಿಗೂ ಶಿಕ್ಷಕರ ತರಬೇತಿಯನ್ನು ನೋಡಿಕೊಳ್ಳುತ್ತಿದೆಯಾದರೂ, ಆ ಹೆಸರು ಹೊತ್ತ ನರ್ಸರಿಗಳೆಲ್ಲ ಅದರ ಕಣ್ಗಾವಲಿನಲ್ಲಿಲ್ಲ. ಕಾಸರಗೋಡು ಜಿಲ್ಲೆಯ ಉತ್ತರ ಭಾಗದಲ್ಲಿ, ಮಂಜೇಶ್ವರದಿಂದ ಕುಂಬಳೆ, ಬದಿಯಡ್ಕದವರೆಗೆ ನಾವು ಶಾಲೆ ಹುಡುಕುತ್ತ ಹೋದಾಗ, ಆ ಹೆಸರಿನಡಿಯಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಪದ್ಧತಿಗಳು ನಡೆಯುತ್ತಿದ್ದವು. ಆದ್ದರಿಂದ ಮಗಳಿಗೆ ಎರಡೂವರೆ ವರ್ಷ ತುಂಬುವ ಮೊದಲೇ ನಾವು ಗಂಡ ಹೆಂಡತಿ ಒಂದು ನಿಯಮ ಮಾಡಿಕೊಂಡೆವು: ಬೆಳಗಿನ ಕೆಲಸದ ಹೊತ್ತಿನಲ್ಲಿ ಕೋಣೆಯ ಮೂಲೆಯಲ್ಲಿ ಸುಮ್ಮನೆ ಕುಳಿತು ನೋಡಲು ಅವಕಾಶ ಕೊಡದ ಶಾಲೆಗೆ, ಉಳಿದ ಏನೆಲ್ಲ ಅನುಕೂಲಗಳಿದ್ದರೂ, ಸೇರಿಸಬಾರದು.

ನೋಡುವುದಕ್ಕೂ ಒಂದು ಕಾಲವಿದೆ. ನಮ್ಮಲ್ಲಿ ಶಾಲೆಗಳು ಜೂನ್ ತಿಂಗಳಲ್ಲಿ ತೆರೆಯುವುದರಿಂದ ಬಹುತೇಕ ತಂದೆತಾಯಂದಿರು ಏಪ್ರಿಲ್, ಮೇ ತಿಂಗಳಲ್ಲಿ ವಿಚಾರಿಸಲು ಹೊರಡುತ್ತಾರೆ. ಆಗ ಮಕ್ಕಳಿರುವುದಿಲ್ಲ, ಒರೆಸಿ ಜೋಡಿಸಿಟ್ಟ ಸಾಮಗ್ರಿ ಮತ್ತು ಬಣ್ಣ ಬಳಿದ ಗೋಡೆಗಳು ಮಾತ್ರ ಇರುತ್ತವೆ. ನಾವು ಜನವರಿ, ಫೆಬ್ರವರಿಯಲ್ಲೇ ಹೋದೆವು. ಅಷ್ಟರಲ್ಲಿ ಮಕ್ಕಳು ಕೋಣೆಗೆ ಒಗ್ಗಿರುತ್ತಾರೆ, ಶಿಕ್ಷಕಿಗೆ ದಣಿವೂ ಆಗಿರುತ್ತದೆ. ಶಾಲೆಯ ದಿನನಿತ್ಯದ ಸ್ಥಿತಿ ಹಾಗೆ ತಿಳಿಯುವಷ್ಟು ಚೆನ್ನಾಗಿ ಬೇರೆ ಯಾವಾಗಲೂ ತಿಳಿಯುವುದಿಲ್ಲ.

ನಾನು ಮೊದಲು ಗಮನಿಸಿದ್ದು ಹೊತ್ತನ್ನು. 1907ರ ಜನವರಿಯಲ್ಲಿ ರೋಮ್ ನಗರದ ಸಾನ್ ಲೊರೆಂಜೊ ಬಡಾವಣೆಯಲ್ಲಿ ಮಾಂಟೆಸ್ಸೊರಿ ಅವರ ಮೊದಲ ಶಾಲೆಯಾದ 'ಮಕ್ಕಳ ಮನೆ' ಆರಂಭವಾದ ಮೇಲೆ ಅಲ್ಲಿ ಕಂಡುಬಂದ ಮುಖ್ಯ ಸಂಗತಿಯೆಂದರೆ, ಚಿಕ್ಕ ಮಗು ತಾನು ಆರಿಸಿಕೊಂಡ ಕೆಲಸವನ್ನು ಯಾರ ಬಲವಂತವೂ ಇಲ್ಲದೆ ಮತ್ತೆ ಮತ್ತೆ ಮಾಡುತ್ತದೆ ಎಂಬುದು. ಮೂರು ವರ್ಷದ ಹುಡುಗಿಯೊಬ್ಬಳು ಬೇರೆ ಬೇರೆ ಗಾತ್ರದ ಮರದ ಸಿಲಿಂಡರುಗಳನ್ನು ಅವುಗಳ ಗುಳಿಗಳಿಗೆ 40ಕ್ಕೂ ಹೆಚ್ಚು ಬಾರಿ ಸೇರಿಸಿ ತೆಗೆದಳೆಂದು ಮಾಂಟೆಸ್ಸೊರಿ ಅವರೇ ದಾಖಲಿಸಿದ್ದಾರೆ. ಅಂಥ ಏಕಾಗ್ರತೆ ಹುಟ್ಟಬೇಕಾದರೆ ಸುಮಾರು ಮೂರು ಗಂಟೆಗಳ ಅಖಂಡ ಅವಧಿ ಬೇಕು ಎಂಬುದು ಈ ಪದ್ಧತಿಯ ತಳಹದಿ. ನಾವು ನೋಡಿದ ಒಂದು ಶಾಲೆಯಲ್ಲಿ ಅರ್ಧ ಗಂಟೆಗೊಮ್ಮೆ ಗಂಟೆ ಬಾರಿಸುತ್ತಿದ್ದರು. ಕೆಲಸದಲ್ಲಿ ಆಗಷ್ಟೇ ಮುಳುಗಿದ್ದ ಮಗುವನ್ನು ಎಬ್ಬಿಸಿ ಇಂಗ್ಲಿಷ್ ಪದ್ಯ ಹೇಳಿಸಲು ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಅಲ್ಲಿನ ಸಿಬ್ಬಂದಿ ಮಕ್ಕಳನ್ನು ಪ್ರೀತಿಯಿಂದಲೇ ನಡೆಸಿಕೊಳ್ಳುತ್ತಿದ್ದರು ಎಂಬುದನ್ನು ಹೇಳಲೇಬೇಕು. ಆದರೆ ಅಲ್ಲಿ ಮಾಂಟೆಸ್ಸೊರಿ ಇರಲಿಲ್ಲ. ವಾರ್ಷಿಕೋತ್ಸವಕ್ಕೆ ಎಷ್ಟು ದಿನ ನೃತ್ಯಾಭ್ಯಾಸ ಮಾಡಿಸುತ್ತೀರಿ ಎಂದು ನಾನು ಎಲ್ಲೆಡೆಯೂ ಕೇಳುತ್ತಿದ್ದೆ. ವಾರಗಟ್ಟಲೆ ಎಂಬ ಉತ್ತರ ಬಂದಲ್ಲಿ ಬೆಳಗಿನ ಅವಧಿಗೆ ಅಲ್ಲಿರುವ ಬೆಲೆ ಎಷ್ಟೆಂಬುದು ತಾನಾಗಿ ತಿಳಿಯುತ್ತಿತ್ತು.

ಸಾಮಗ್ರಿಯ ವಿಷಯದಲ್ಲಿ ತಂದೆತಾಯಂದಿರು ಸುಲಭವಾಗಿ ಮರುಳಾಗುತ್ತಾರೆ. ಕಾಸರಗೋಡು ಪೇಟೆಗೆ ಸಮೀಪದ ದೊಡ್ಡ ಶಾಲೆಯೊಂದರಲ್ಲಿ ಒಂದರ ಮೇಲೊಂದು ಪೇರಿಸುವ ಗುಲಾಬಿ ಘನಗಳ ಪಿಂಕ್ ಟವರ್, ಮೆಟ್ಟಿಲಿನಂತೆ ಜೋಡಿಸುವ ಕಂದು ತುಂಡುಗಳ ಬ್ರೌನ್ ಸ್ಟೇರ್, ಎಣಿಕೆಗೆ ಬಳಸುವ ಬಂಗಾರದ ಬಣ್ಣದ ಮಣಿಗಳು ಎಲ್ಲವೂ ಇದ್ದವು, ಆದರೆ ಗಾಜಿನ ಕಪಾಟಿನೊಳಗೆ. ವಾರಕ್ಕೊಂದು ಪೀರಿಯಡ್ ಮಾತ್ರ ಅವನ್ನು ಹೊರತೆಗೆಯುತ್ತಾರಂತೆ. ನಾನು ಕಂಡುಕೊಂಡ ಒಂದು ಪರೀಕ್ಷೆಯನ್ನು ಇಲ್ಲಿ ಹೇಳುತ್ತೇನೆ. ಪಿಂಕ್ ಟವರಿನಲ್ಲಿ ಹತ್ತು ಘನಗಳಿರುತ್ತವೆ. ದೊಡ್ಡದು 10 ಸೆಂಟಿಮೀಟರ್, ಚಿಕ್ಕದು 1 ಸೆಂಟಿಮೀಟರ್. ಮಕ್ಕಳು ನಿತ್ಯ ಬಳಸುವ ಕೋಣೆಯಲ್ಲಿ ಎಲ್ಲಕ್ಕಿಂತ ಮೊದಲು ಕಳೆದುಹೋಗುವುದು ಆ ಚಿಕ್ಕ ಘನ. ದೊಡ್ಡ ಘನಗಳ ಅಂಚು ಬಳಸಿ ಬಳಸಿ ಸವೆದಿದ್ದು, ಚಿಕ್ಕ ಘನವೂ ತನ್ನ ಜಾಗದಲ್ಲಿದ್ದರೆ, ಮಕ್ಕಳು ಅದನ್ನು ಮುಟ್ಟುತ್ತಿದ್ದಾರೆಂದೂ ದೊಡ್ಡವರು ಶೆಲ್ಫನ್ನು ದಿನವೂ ನೋಡಿಕೊಳ್ಳುತ್ತಿದ್ದಾರೆಂದೂ ಅರ್ಥ. ಶೆಲ್ಫು ಮಗುವಿನ ಕೈಗೆ ಎಟಕುವ ಎತ್ತರದಲ್ಲಿರಬೇಕು. ಪ್ರತಿಯೊಂದು ಸಾಮಗ್ರಿಯೂ ಒಂದೇ ಒಂದು ಇದ್ದರೆ ಅದು ಬಡತನವಲ್ಲ. ಇನ್ನೊಬ್ಬರು ಮುಗಿಸುವವರೆಗೆ ಕಾಯುವುದನ್ನು ಮಕ್ಕಳು ಕಲಿಯುವುದು ಹಾಗೆಯೇ.

ವಯಸ್ಸಿನ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ವಿಶೇಷವಾಗಿ ತೊಡಕಿನದು. ಎರಡೂವರೆಯಿಂದ ಆರು ವರ್ಷದವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಇರಬೇಕು ಎನ್ನುವುದು ಮಾಂಟೆಸ್ಸೊರಿ ವ್ಯವಸ್ಥೆ. ಚಿಕ್ಕವರು ದೊಡ್ಡವರ ಕೆಲಸವನ್ನು ನೋಡಿ ಕಲಿಯುತ್ತಾರೆ, ದೊಡ್ಡವರು ಚಿಕ್ಕವರಿಗೆ ತೋರಿಸಿಕೊಡುತ್ತ ತಾವು ಕಲಿತದ್ದನ್ನು ಗಟ್ಟಿಮಾಡಿಕೊಳ್ಳುತ್ತಾರೆ. ಆದರೆ ನಾವು ಹುಡುಕುತ್ತಿದ್ದಾಗ ಇಲ್ಲಿ ಐದು ತುಂಬಿದೊಡನೆ ಒಂದನೆಯ ತರಗತಿಗೆ ಸೇರಿಸುವ ರೂಢಿ ಇದ್ದುದರಿಂದಲೂ, ನಾಲ್ಕಕ್ಕೇ ಎಲ್‌ಕೆಜಿಗೆ ಎಳೆದೊಯ್ಯುವವರು ಹೆಚ್ಚಿದ್ದುದರಿಂದಲೂ, ಎಷ್ಟೋ ಕೋಣೆಗಳಲ್ಲಿ ಐದು ವರ್ಷದ ಒಂದು ಮಗುವೂ ಉಳಿದಿರುತ್ತಿರಲಿಲ್ಲ. ಅಲ್ಲಿಗೆ ಆ ಕೋಣೆಯ ಮುಖ್ಯ ಶಿಕ್ಷಕರೇ ಹೊರಟುಹೋದಂತೆ. ಮೊದಲೆರಡು ವರ್ಷ ಕೈಯಿಂದ ಮಾಡಿದ್ದೆಲ್ಲ ಓದು, ಬರಹ, ಲೆಕ್ಕವಾಗಿ ಹೊರಬರುವುದು ಮೂರನೆಯ ವರ್ಷದಲ್ಲಿ. ಆ ವರ್ಷವನ್ನೇ ಕತ್ತರಿಸಿದರೆ ಮಗುವಿಗೆ ದೊಡ್ಡ ನಷ್ಟ. ಹಾಗಾಗಿ ನಾನು ಮಕ್ಕಳ ಒಟ್ಟು ಸಂಖ್ಯೆಯನ್ನು ಕೇಳುವ ಬದಲು ಐದು ದಾಟಿದವರು ಎಷ್ಟು ಮಂದಿ ಎಂದು ಕೇಳುತ್ತಿದ್ದೆ.

ಇನ್ನು ಭಾಷೆ. ನನ್ನ ಮಟ್ಟಿಗೆ ಉಳಿದೆಲ್ಲವೂ ಇದರ ನಂತರದ್ದು. ನಮ್ಮ ಮನೆಯ ಮಾತು ಹವ್ಯಕ ಕನ್ನಡ; ತೋಟದ ಕೆಲಸಕ್ಕೆ ಬರುವವರೊಡನೆ ತುಳು; ಪೇಟೆಯಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ ಮಲಯಾಳ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿನ ಕನ್ನಡದ ಮನೆಗಳಲ್ಲಿ ಮಕ್ಕಳು ಬೆಳೆದದ್ದು ಹೀಗೆಯೇ, ಮತ್ತು ಎಳೆಯ ಮಗುವಿಗೆ ಇದು ಹೊರೆಯೇನಲ್ಲ. ಹೊರೆಯಾಗುವುದು, ಮಗು ತನಗೆ ತಿಳಿದ ಯಾವ ಭಾಷೆಯಲ್ಲಿಯೂ ಮಾತಾಡದ ದೊಡ್ಡವರ ನಡುವೆ ಇಡೀ ಬೆಳಗು ಕಳೆಯಬೇಕಾದಾಗ. ಹಲವು ಶಾಲೆಗಳಲ್ಲಿ ಶಿಕ್ಷಕಿಯರು ಹತ್ತಿಪ್ಪತ್ತು ಇಂಗ್ಲಿಷ್ ಆಜ್ಞೆಗಳಲ್ಲೇ ವ್ಯವಹಾರ ಮುಗಿಸುತ್ತಿದ್ದರು. ಬಾಯಿಪಾಠದ ಆಜ್ಞೆಗಳಿಂದ ಯಾವ ಮಗುವಿನ ಶಬ್ದಸಂಪತ್ತೂ ಬೆಳೆಯದು. ಆರು ವರ್ಷದೊಳಗಿನ ಮಗು ಸುತ್ತಲಿನ ಮಾತನ್ನು ಹೀರಿಕೊಳ್ಳುತ್ತದೆ ಎಂಬುದು ಮಾಂಟೆಸ್ಸೊರಿ ಚಿಂತನೆಯ ಜೀವಾಳ. ಹಾಗಿದ್ದ ಮೇಲೆ ಅದರ ಸುತ್ತ ತುಂಬಿದ, ನಿಜವಾದ ಮಾತು ಇರಬೇಕಲ್ಲವೇ?

ಬದಿಯಡ್ಕದ ಕಡೆ, ಹಳೆಯ ಮನೆಯೊಂದರಲ್ಲಿ ನಡೆಯುತ್ತಿದ್ದ ಚಿಕ್ಕ ಶಾಲೆಯೊಂದರಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ಬೆಂಗಳೂರಿನಲ್ಲಿ ತರಬೇತಿ ಪಡೆದು ಬಂದಿದ್ದ ಅಲ್ಲಿನ ಶಿಕ್ಷಕಿ ಮರಳುಕಾಗದದ ಕನ್ನಡ ಅಕ್ಷರಗಳನ್ನು ಕೈಯಾರೆ ಕತ್ತರಿಸಿ ಹಲಗೆಗಳಿಗೆ ಅಂಟಿಸಿದ್ದರು. ಮಗು ತೋರುಬೆರಳು, ನಡುಬೆರಳುಗಳಿಂದ ಅಕ್ಷರವನ್ನು ಸವರುತ್ತ ಅದರ ಧ್ವನಿಯನ್ನು ಹೇಳುತ್ತದೆ. ಪೆನ್ಸಿಲ್ ಹಿಡಿಯುವ ಮೊದಲೇ ಕೈಗೆ ಆಕಾರ ಬರುತ್ತದೆ. ಆದರೆ ಈ ವಿಧಾನ ಇಟಾಲಿಯನ್ ಲಿಪಿಗೆ ಹುಟ್ಟಿದ್ದು. ಕನ್ನಡದ 'ಕ'ದಲ್ಲಿ ವ್ಯಂಜನದೊಂದಿಗೆ ಅಕಾರವೂ ಅಡಗಿದೆ, ಮೇಲೆ ಕಾಗುಣಿತ, ಒತ್ತಕ್ಷರಗಳಿವೆ. ಇದನ್ನು ಹೇಗೆ ನಿಭಾಯಿಸುತ್ತೀರಿ ಎಂದು ಕೇಳಿದಾಗ ಅವರು ಬಹಳ ಹೊತ್ತು ತಾಳ್ಮೆಯಿಂದ ವಿವರಿಸಿದರು. ವರ್ಣಮಾಲೆಯ ಕ್ರಮವನ್ನು ಬದಿಗಿಟ್ಟು, ಕರ್ನಾಟಕದ ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ನಲಿಕಲಿ ತರಗತಿಗಳಲ್ಲಿ ರ, ಗ, ಸ, ದ, ಅ ಎಂದು ಆರಂಭಿಸುವಂತೆ, ಕೈಗೆ ಸುಲಭವಾದ ಆಕಾರಗಳಿಂದ ತೊಡಗುತ್ತಾರೆ. 'ದ' ಬಂದ ಕೈಗೆ 'ಥ', 'ಧ' ದೂರವಲ್ಲ. ಮೊದಲು ಸರ, ಮರ, ದನ, ಗರಗಸ ಎಂಬಂತಹ ಅಕಾರವಷ್ಟೇ ಇರುವ ಪದಗಳನ್ನು ಬಿಡಿ ಅಕ್ಷರಗಳಿಂದ ಚಾಪೆಯ ಮೇಲೆ ಜೋಡಿಸುತ್ತಾರೆ. ಕಾಗುಣಿತದ ಚಿಹ್ನೆಗಳಿಗೆ ಬೇರೆ ಬಣ್ಣದ, ಬೇರೆಯದೇ ಆದ ಪೆಟ್ಟಿಗೆ. ಒತ್ತಕ್ಷರ ಎಲ್ಲಕ್ಕಿಂತ ಕೊನೆಗೆ. ಇಷ್ಟು ಯೋಚಿಸಿದವರ ಕೈಯಲ್ಲಿ ಮಗುವನ್ನು ಬಿಡಬಹುದು ಎಂದು ನನಗೆ ಅಂದೇ ಅನ್ನಿಸಿತು.

ಅಲ್ಲಿ ಕುಳಿತಿದ್ದ ಹೊತ್ತಿನಲ್ಲಿ ಒಬ್ಬ ಹುಡುಗ ಹವ್ಯಕ ಮಾತಿನಲ್ಲಿ 'ಎನಗೆ ನೀರು ಬೇಕು' ಎಂದ. ಆಕೆ ಅದನ್ನು ತಿದ್ದದೆ, 'ನಿನಗೆ ನೀರು ಬೇಕಾ, ಲೋಟ ಅಲ್ಲಿದೆ' ಎಂದಷ್ಟೇ ಉತ್ತರಿಸಿದರು. ಬ್ಯಾರಿ ಮಾತಾಡುವ ಮನೆಯ ಮಗುವಿಗೂ ತುಳು ಮನೆಯ ಮಗುವಿಗೂ ಅದೇ ಮರ್ಯಾದೆ ಸಿಗುತ್ತಿತ್ತು. ಸಿಲಿಂಡರ್ ತಪ್ಪು ಗುಳಿಯಲ್ಲಿ ಕುಳಿತರೆ ಕೊನೆಯಲ್ಲಿ ಒಂದು ಉಳಿದು ಮಗುವಿಗೇ ತಪ್ಪು ಗೊತ್ತಾಗುವುದನ್ನು ಕಾಯುವ ಶಿಕ್ಷಕಿ, ಮಾತಿನ ವಿಷಯದಲ್ಲಿಯೂ ಹಾಗೆಯೇ ಕಾಯುತ್ತಿದ್ದರು.

ದಿನಬಳಕೆಯ ಕೆಲಸಗಳಿಗೆ, ಅವರ ಮಾತಿನಲ್ಲಿ ಇಪಿಎಲ್‌ಗೆ (ಎಕ್ಸರ್‌ಸೈಜಸ್ ಆಫ್ ಪ್ರಾಕ್ಟಿಕಲ್ ಲೈಫ್), ಆ ಶಾಲೆಯಲ್ಲಿ ಊರಿನದೇ ವಸ್ತುಗಳಿದ್ದವು: ಅಡಿಕೆ ಹಾಳೆಯ ತಟ್ಟೆ, ಹೂ ಕಟ್ಟಲು ಬಾಳೆನಾರು, ಆರಿಸಲು ಹೆಸರು ಮತ್ತು ಉದ್ದು, ಸುರಿಯಲು ಹಿತ್ತಾಳೆಯ ಚಿಕ್ಕ ಗಿಂಡಿ. ಇದು ಪದ್ಧತಿಯಿಂದ ದೂರ ಸರಿದದ್ದಲ್ಲ. ಥಿಯೊಸಾಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದ ಮಾಂಟೆಸ್ಸೊರಿ, ಯುದ್ಧದಿಂದಾಗಿ ಯುರೋಪಿಗೆ ಮರಳಲಾಗದೆ 1946ರವರೆಗೆ ಭಾರತದಲ್ಲೇ ಉಳಿದರು. ಕೊಡೈಕನಾಲಿನಲ್ಲಿದ್ದಾಗ ಅಲ್ಲಿನ ಗಿಡಮರ, ಜೀವಿಗಳನ್ನೇ ಮಕ್ಕಳ ಪಾಠಕ್ಕೆ ಬಳಸಿದರು. ಪಾಶ್ಚಾತ್ಯ ಅಡುಗೆಮನೆಯ ಪ್ಲಾಸ್ಟಿಕ್ ಪ್ರತಿಕೃತಿಗಳನ್ನು ಶೆಲ್ಫಿನಲ್ಲಿಟ್ಟು ಅದನ್ನೇ ಶುದ್ಧ ಮಾಂಟೆಸ್ಸೊರಿ ಎನ್ನುವವರಿಗೆ ಈ ಚರಿತ್ರೆ ತಿಳಿದಿದ್ದರೆ ಚೆನ್ನಾಗಿತ್ತು.

ದೂರವನ್ನೂ ಲೆಕ್ಕ ಹಾಕಿದೆವು. ಜೂನ್, ಜುಲೈ ತಿಂಗಳ ಮಳೆಯಲ್ಲಿ ನಮ್ಮ ಗುಡ್ಡದ ರಸ್ತೆಗಳಲ್ಲಿ ಎಳೆಯ ಮಗುವನ್ನು ಒಂದು ಗಂಟೆ ವ್ಯಾನಿನಲ್ಲಿ ಕೂರಿಸಿದರೆ ಬೆಳಗಿನ ಏಕಾಗ್ರತೆ ದಾರಿಯಲ್ಲೇ ಮುಗಿಯುತ್ತದೆ.

ನಾವು ಕೊನೆಗೆ ಆರಿಸಿದ ಈ ಬದಿಯಡ್ಕದ ಕಡೆಯ ಶಾಲೆಯಲ್ಲಿ ಎಲ್ಲವೂ ಇರಲಿಲ್ಲ. ಮಣಿಗಳ ಸಾಮಗ್ರಿ ಅರ್ಧವಷ್ಟೇ ಇತ್ತು. ಆಟದ ಬಯಲು ಅಂಗಳದಷ್ಟೇ. ಮನೆಯವರ ಆಕ್ಷೇಪವೂ ಇತ್ತು, ಮುಖ್ಯವಾಗಿ ನೋಟ್ ಪುಸ್ತಕ ಇಲ್ಲವೆಂದು. ಮಗಳು ಏನು ಕಲಿತಳೆಂದು ತೋರಿಸಲು ಕಾಗದವೇ ಇಲ್ಲದಿರುವುದು ಅಜ್ಜ ಅಜ್ಜಿಯರಿಗೆ ಕಷ್ಟವಾಯಿತು. ಅವರನ್ನೂ ಒಂದು ದಿನ ಕೋಣೆಯ ಮೂಲೆಯಲ್ಲಿ ಕೂರಿಸಲು ಶಿಕ್ಷಕಿ ಒಪ್ಪಿದ್ದರಿಂದ ಆ ಮಾತು ಅಲ್ಲಿಗೆ ನಿಂತಿತು. ಸೇರಿಸುವಾಗ ಅವರು ನಮ್ಮಿಂದ ಕೇಳಿದ್ದು ಎರಡು ಮಾತು: ಆರು ವರ್ಷದವರೆಗೆ ಬಿಡಿಸಬಾರದು, ಮನೆಯಲ್ಲಿ ಅವಳ ಬಟ್ಟೆ, ಲೋಟ, ಪೊರಕೆ ಅವಳ ಕೈಗೆ ಎಟಕುವಲ್ಲಿ ಇರಬೇಕು. ಎರಡನ್ನೂ ಒಪ್ಪಿಕೊಂಡೆವು.

ಈಗ ಅವಳು ಮೂರನೆಯ ವರ್ಷದಲ್ಲಿದ್ದಾಳೆ. ಕಾಗುಣಿತದ ಪೆಟ್ಟಿಗೆ ಅವಳ ಚಾಪೆಗೆ ಬಂದಿದೆ. ಮುಂದೆ ಕನ್ನಡ ಮಾಧ್ಯಮದ ಒಂದನೆಯ ತರಗತಿಗೆ ಸೇರಿಸುವುದೆಂದು ನಿಶ್ಚಯಿಸಿದ್ದೇವೆ. ಮಲಯಾಳದ ಅಕ್ಷರಗಳನ್ನು ಯಾವಾಗ ಕೊಡಬೇಕೆಂಬ ಚರ್ಚೆ ಶಿಕ್ಷಕಿಯೊಡನೆ ನಡೆದಿದ್ದು, ಕನ್ನಡದ ಒತ್ತಕ್ಷರಗಳನ್ನು ಅವಳು ಸರಾಗವಾಗಿ ಓದತೊಡಗಿದ ಮೇಲೆ ಅದೇ ಮರಳುಕಾಗದದ ಹಲಗೆಗಳ ಮೂಲಕವೇ ಆರಂಭಿಸೋಣ ಎಂದು ಸದ್ಯಕ್ಕೆ ಒಪ್ಪಿದ್ದೇವೆ.