ಮಳೆಗಾಲದಲ್ಲಿ ವೇವ್‌ಗೈಡ್ ಒಳಗೆ ಕಿಡಿ: ಸರಿಹೋಗಿದ್ದು ಹೀಗೆ

ತೀರ್ಥಹಳ್ಳಿ ಹತ್ತಿರದ ನಮ್ಮ ಘಟಕದಲ್ಲಿ ತೇವ ಎಳೆದ ಕಾಳುಮೆಣಸು ಒಣಗಿಸಲು 2450 ಮೆಗಾಹರ್ಟ್ಸ್ ಮೈಕ್ರೋವೇವ್ ಯಂತ್ರವಿದೆ. ಮಳೆ ಹಿಡಿದ ಮೇಲೆ ಪವರ್ ಏರಿಸಿದರೆ ಸಾಕು, ವೇವ್‌ಗೈಡ್ (ಮೈಕ್ರೋವೇವನ್ನು ಒಣಗಿಸುವ ಚೇಂಬರಿಗೆ ಒಯ್ಯುವ ಲೋಹದ ಕೊಳವೆ) ಒಳಗೆ ಚಟ್ ಅಂತ ಶಬ್ದ, ವಾಪಸ್ ಬರುವ ಪವರ್ ಜಾಸ್ತಿಯಾಗಿ ಯಂತ್ರ ಟ್ರಿಪ್.

ಮೈಕ್ರೋವೇವ್ ಹುಟ್ಟಿಸುವ ಮ್ಯಾಗ್ನೆಟ್ರಾನ್ ಬದಲಾಯಿಸಿದೆವು, ಪ್ರಯೋಜನವಿಲ್ಲ. ವಾಪಸ್ ಬರುವ ಪವರನ್ನು ಬೇರೆ ಕಡೆ ತಿರುಗಿಸುವ ಸರ್ಕ್ಯುಲೇಟರ್, ಆ ಪವರನ್ನು ಹೀರಿಕೊಳ್ಳುವ ಡಮ್ಮಿ ಲೋಡಿನ ನೀರಿನ ಹರಿವು ಸರಿಯಾಗಿಯೇ ಇದ್ದವು. ಸ್ಟಬ್ ಟ್ಯೂನರ್ (ಕೊಳವೆಯೊಳಗೆ ಹಿಂದೆಮುಂದೆ ಸರಿಸಿ ವಾಪಸ್ ಬರುವ ಪವರ್ ತಗ್ಗಿಸುವ ಮೂರು ಲೋಹದ ಕಡ್ಡಿ, ಅಂದರೆ ಸ್ಟಬ್) ತಿರುಗಿಸಿದರೆ ಸ್ವಲ್ಪ ಹೊತ್ತು ಚೆನ್ನಾಗಿದ್ದು ಮತ್ತೆ ಅದೇ.

ತೊಂದರೆ ಇದ್ದದ್ದು ಒಳಗಿನ ತೇವದಲ್ಲಿ. ಮೊದಲು ಮೇನ್ ಆಫ್, ಹೈವೋಲ್ಟೇಜ್ ಕೆಪಾಸಿಟರ್ ಡಿಸ್ಚಾರ್ಜ್ (ಇದನ್ನು ತಿಳಿದ ಟೆಕ್ನಿಷಿಯನ್ನೇ ಮಾಡಬೇಕು). ವೇವ್‌ಗೈಡ್ ಬಿಚ್ಚಿದರೆ ಅದು ಬಾಗುವ ಜಾಗದಲ್ಲಿ ನೀರಿನ ಹನಿ, ಫ್ಲಾಂಜ್ (ತುಂಡುಗಳನ್ನು ಬೋಲ್ಟಿನಿಂದ ಜೋಡಿಸುವ ಪಟ್ಟಿ) ಅಂಚಿನಲ್ಲಿ ಸುಟ್ಟ ಕಪ್ಪು ಕಲೆ. ಆ ಒರಟು ಜಾಗ ಹಾಗೇ ಬಿಟ್ಟರೆ ಕಿಡಿ ಮತ್ತೆ ಅಲ್ಲೇ ಹಾರುತ್ತದೆ, ಹಾಗಾಗಿ ನಯವಾದ ಉಜ್ಜುಕಾಗದದಿಂದ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಪೂರ್ತಿ ಒಣಗಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದೆವು. ಮೈಕ್ರೋವೇವ್ ಹಾದುಹೋಗುವ, ಚೇಂಬರ್ ಕಡೆಯ ಕಿಟಕಿಯ ಸೀಲ್ ಹೊಸದು ಹಾಕಿದೆವು, ಅಲ್ಲಿಂದಲೇ ಆವಿ ನುಗ್ಗುತ್ತಿತ್ತು. ಆಮೇಲೆ ವೇವ್‌ಗೈಡ್‌ನ ಗಾಳಿ ಪೋರ್ಟಿಗೆ ಸಿಲಿಕಾ ಜೆಲ್ ದಾಟಿದ ಒಣಗಾಳಿ, ಹೊರಗಿಗಿಂತ ತುಸುವೇ ಜಾಸ್ತಿ ಒತ್ತಡದಲ್ಲಿ. ಯಂತ್ರ ಶುರುಮಾಡುವ ಅರ್ಧ ಗಂಟೆ ಮೊದಲೇ ಗಾಳಿ ಬಿಡಬೇಕು, ಇದೇ ಮುಖ್ಯ.

ಟ್ಯೂನಿಂಗ್ ಕೊನೆಗೆ: ಚೇಂಬರಿನಲ್ಲಿ ಮೆಣಸು ಇಟ್ಟೇ, ಕಡಿಮೆ ಪವರ್‌ನಲ್ಲಿ, ಮೂರೂ ಸ್ಟಬ್ ಹೊರಗೆಳೆದು ಒಂದೊಂದಾಗಿ ಒಳಗೆ. ಖಾಲಿ ಇಟ್ಟು ಮಾಡಬೇಡಿ. ಪವರ್ ಏರಿಸಿದಂತೆಲ್ಲ ಹೊರಗೆ ಸೋರುವ ಮೈಕ್ರೋವೇವ್ ಅಳೆಯುವ ಲೀಕ್ ಮೀಟರ್‌ನಿಂದ ಪ್ರತಿ ಜೋಡಣೆ ನೋಡಿ. ನಾವು ಇಟ್ಟುಕೊಂಡ ಮಿತಿ, 5 ಸೆಂ.ಮೀ. ದೂರದಲ್ಲಿ ಚದರ ಸೆಂ.ಮೀ.ಗೆ 5 ಮಿಲಿವ್ಯಾಟ್.