ಅಡಿಕೆ ತೋಟದ ಸಂಕ ದಾಟಬಲ್ಲ ಮನೆ: ಬಿಚ್ಚಿ ಕಟ್ಟುವ ಕ್ರಮ

ಕಾಸರಗೋಡು ಜಿಲ್ಲೆಯ ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟಗಳಲ್ಲಿ ಜೀಪು ನಿಲ್ಲುವಲ್ಲಿಂದ ಮುಂದೆ ಹೆಚ್ಚಾಗಿ ಕಾಲುದಾರಿಯೇ ಗತಿ. ಆದ್ದರಿಂದ ಬಿಚ್ಚಿ ಒಯ್ಯುವ ಮನೆಯ ನಕ್ಷೆಯನ್ನು ಕೋಣೆಯ ಅಳತೆಯಿಂದಲ್ಲ, ಇಬ್ಬರು ಹೊತ್ತು ಸಂಕ (ತೋಡಿನ ಮೇಲಿನ ಕಾಲುಸೇತುವೆ) ದಾಟಬಹುದಾದ ತುಂಡಿನ ಅಳತೆಯಿಂದ ಆರಂಭಿಸಬೇಕು. 10 ಅಡಿ ಅಗಲ, 12 ಅಡಿ ಉದ್ದದ ಕೋಣೆಗೆ ಆರು ಕಂಬಗಳು ಸಾಕು; ಉದ್ದದ ತೊಲೆಗಳನ್ನು ನಡುಗಂಬದ ಮೇಲೆ ಕೂಡಿಸಿದರೆ ಯಾವ ತುಂಡೂ 10 ಅಡಿ ಮೀರುವುದಿಲ್ಲ.

ಕಂಬಕ್ಕೂ ಪಕ್ಕಾಸಿಗೂ (ಮಾಡನ್ನು ಹೊರುವ ಇಳಿಜಾರು ಗಳು) ಬೇಕಾದ ಬಿದಿರು ಮೂರು ವರ್ಷವಾದರೂ ಬಲಿತದ್ದಾಗಿರಬೇಕು. ಎಳೆಯ ಬಿದಿರಿನ ಪಿಷ್ಟಕ್ಕೆ ಕೊರೆಹುಳ ಬೇಗ ಬೀಳುತ್ತದೆ. ಕಡಿದ ಬಿದಿರಿನ ಒಳಗಂಟುಗಳನ್ನು ಕಬ್ಬಿಣದ ಸರಳಿನಿಂದ ತೂತು ಮಾಡಿ, 100 ಲೀಟರ್ ನೀರಿಗೆ 3 ಕಿಲೋ ಬೋರಾಕ್ಸ್ ಮತ್ತು 2 ಕಿಲೋ ಬೋರಿಕ್ ಆಮ್ಲ ಕರಗಿಸಿದ ದ್ರಾವಣದಲ್ಲಿ ಸುಮಾರು ಹತ್ತು ದಿನ ಮುಳುಗಿಸಿ, ನೆರಳಿನಲ್ಲಿ ಒಣಗಿಸಬೇಕು. ಈ ಔಷಧ ಮಳೆಗೆ ತೊಳೆದು ಹೋಗುವಂಥದ್ದು. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಈ ಊರಿನಲ್ಲಿ ಬಿದಿರನ್ನು ಕೊನೆಗೂ ಕಾಯುವುದು ಮಾಡು, ಅಂದರೆ ಛಾವಣಿ: ಇಳಿಜಾರು 30 ಡಿಗ್ರಿಗೆ ಕಡಿಮೆಯಾಗದೆ, ಸೂರು ಸುತ್ತಲೂ 3 ಅಡಿ ಹೊರಚಾಚಿರಬೇಕು. ಹೀಗೆ ಚಾಚಿದ ಮಾಡಿನಿಂದ 100 ಮಿ.ಮೀ. ಮಳೆ ಬಿದ್ದ ದಿನ ಸುಮಾರು 2,700 ಲೀಟರ್ ನೀರು ಇಳಿಯುತ್ತದೆ. ಅದು ಹರಿದುಹೋಗುವ ಕಣಿಯನ್ನು ಮನೆಗಿಂತ ಮೊದಲೇ ತೋಡಿಡಿ.

ಮುಳಿಹುಲ್ಲಿನ ಮಾಡು ತಂಪೆಂಬುದು ನಿಜವಾದರೂ, ಹುಲ್ಲನ್ನು ಬಿಚ್ಚಿ ಮತ್ತೆ ಹೊದಿಸುವುದು ಆಗುವ ಮಾತಲ್ಲ; ಬಿಚ್ಚುವ ಮನೆಗೆ ತಗಡೇ ಸರಿ. ಅರ್ಧ ಮಿ.ಮೀ. ದಪ್ಪದ ತಗಡು, 10 ಅಡಿ ಉದ್ದ, 3 ಅಡಿ ಅಗಲದ್ದು, ಹಾಳೆಗೆ 12 ಕಿಲೋ ಆಸುಪಾಸು ತೂಗುತ್ತದೆ. ಅದರ ಕೆಳಗೆ ಹೆಣೆದ ತೆಂಗಿನ ಮಡಲು ಹಾಸಿದರೆ ಸೆಕೆಯೂ ಮಳೆಯ ಸದ್ದೂ ತಗ್ಗುತ್ತವೆ.

ಬಿದಿರಿಗೆ ಮೊಳೆ ಹೊಡೆಯಲೇಬಾರದು, ಸೀಳುತ್ತದೆ. ಗಂಟಿನ ಪಕ್ಕದಲ್ಲಿ ಡ್ರಿಲ್ಲಿನಿಂದ ತೂತು ಕೊರೆದು, ಎರಡೂ ಕಡೆ ವಾಷರ್ ಇಟ್ಟು, 12 ಮಿ.ಮೀ. ಬೋಲ್ಟು ಹಾಕಿ ಹದವಾಗಿ ಬಿಗಿಯಬೇಕು. ಮನೆಯಿಡೀ ಒಂದೇ ದಪ್ಪದ ಬೋಲ್ಟು ಬಳಸಿದರೆ ಒಂದೇ ಅಳತೆಯ ಸ್ಪಾನರಿನಲ್ಲಿ ಕೆಲಸ ಮುಗಿಯುತ್ತದೆ. ಪ್ರತಿ ಗೋಡೆಗೂ ಒಂದು ಓರೆ ಬಿದಿರು ಇಲ್ಲದಿದ್ದರೆ ಚೌಕಟ್ಟು ವಾಲುತ್ತದೆ.

ಕಂಬದ ಬುಡ ಮಣ್ಣಿಗೆ ತಾಗದಂತೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲು) ಮೇಲೆ ನಿಲ್ಲಬೇಕು. ಹಗುರ ಮನೆಗೆ ಕುಸಿಯುವ ಭಯಕ್ಕಿಂತ ಗಾಳಿಗೆ ಹಾರುವ ಭಯ ಹೆಚ್ಚು. ನಾಲ್ಕು ಮೂಲೆಗಳಲ್ಲಿ 2 ಅಡಿ ಆಳದಲ್ಲಿ ಭಾರವಾದ ಕಲ್ಲು ಹೂತು, ಅದಕ್ಕೆ ಬಿಗಿದ ಕಬ್ಬಿಣದ ಸರಳನ್ನು ಕಂಬಕ್ಕೆ ಬೋಲ್ಟು ಮಾಡಿ, ಅಲ್ಲಿಂದ ಪಕ್ಕಾಸಿನವರೆಗೂ ಗಟ್ಟಿ ತಂತಿ ಎಳೆಯಬೇಕು. ಮನೆ ಬೇರೆಡೆಗೆ ಹೊರಟಾಗ ನೆಲದಲ್ಲೇ ಉಳಿಯುವುದು ಈ ಕಲ್ಲು ಮಾತ್ರ.

ಮಾಡು ಮೊದಲು, ಗೋಡೆ ಆಮೇಲೆ. ನೆರಳಿನಲ್ಲಿ ಕೆಲಸ ಮಾಡಬಹುದು. ಗೋಡೆಗೆ ಅಡಿಕೆ ಮರ ಸೀಳಿದ ಪಟ್ಟಿಗಳ ಚೌಕಟ್ಟಿನಲ್ಲಿ ಬಿದಿರ ತಟ್ಟಿ ಸಾಕು.

ಪತ್ತನಾಜೆಗೆ (ಮೇ ಕೊನೆಯ ಭಾಗದಲ್ಲಿ, ಮಳೆಗಾಲದ ಮುನ್ನ ಬರುವ ತುಳುನಾಡಿನ ದಿನ) ಒಂದು ತಿಂಗಳಿರುವಾಗಲೇ ಮನೆಯಂಗಳದಲ್ಲಿ ಒಮ್ಮೆ ಪೂರ್ತಿ ಕಟ್ಟಿ, ಪ್ರತಿ ಸಂದಿಯ ಎರಡೂ ತುಂಡುಗಳಿಗೆ ಒಂದೇ ಅಂಕಿ ಬರೆದು, ಬಿಚ್ಚಿ, ಮೊದಲು ಕಟ್ಟದವರ ಕೈಯಿಂದ ಮತ್ತೆ ಕಟ್ಟಿಸಿರಿ. ಅವರು ಎಲ್ಲಿ ತಡೆದು ನಿಲ್ಲುತ್ತಾರೋ ಆ ಸಂದಿಯನ್ನು ಬದಲಿಸಿ, ಆಮೇಲೆ ತೋಟಕ್ಕೆ ಹೊರಿಸಿರಿ.