ಸೋವಿಯತ್ ಪಿಯಾನೋ ಬೇಟೆ: ಕೆ.ಜಿ. ಲೆಕ್ಕದಲ್ಲಿ ಸಿಕ್ಕ ಸೊನಾಟಾಗಳು

ಸಂಗೀತಗಾರರ ಹೆಸರು ಹಾಕಿ ಹುಡುಕುವುದನ್ನು ಬಿಟ್ಟ ಮೇಲೆಯೇ ನನಗೆ ಸೋವಿಯತ್ ಕಾಲದ ಪಿಯಾನೋ ಸ್ಕೋರ್‌ಗಳು (ಅಚ್ಚಾದ ಸ್ವರಲಿಪಿಗಳು) ಸಿಗತೊಡಗಿದವು. ನಮ್ಮ ಪಿಯಾನೋ ಬಳಗದಲ್ಲಿ ಇದನ್ನು ಹೇಳಿದಾಗ ಎಲ್ಲರೂ ನಕ್ಕಿದ್ದರು. "ಹೆಸರು ಬಿಟ್ಟು ಇನ್ನೇನು ಹುಡುಕ್ತೀರಾ ಸಾರ್?" ಅಂತ. ಈಗ ನನ್ನ ಕಪಾಟಿನಲ್ಲಿ ಮೂರು ಅಡಿಯಷ್ಟು ಸೋವಿಯತ್ ಮುದ್ರಣಗಳು ನಿಂತಿವೆ. ನಕ್ಕವರಲ್ಲಿ ಇಬ್ಬರು ಜೆರಾಕ್ಸ್ ಕೇಳಿಕೊಂಡು ಬಂದಿದ್ದಾರೆ. ಹಾಗಾಗಿ ಬರೆದಿಡುತ್ತಿದ್ದೇನೆ.

ಪ್ರೊಕೋಫಿಯೆವ್, ಶೋಸ್ತಕೋವಿಚ್, ಕಬಲೇವ್‌ಸ್ಕಿ ಎಲ್ಲಿ ಬೇಕಾದರೂ ಸಿಗುತ್ತಾರೆ. ಕಪುಸ್ತಿನ್ ಕೂಡ ಈಗ ಸುಲಭ. ನನಗೆ ಬೇಕಿದ್ದವರು ಬೇರೆ: ಸಮುಯಿಲ್ ಫೈನ್‌ಬರ್ಗ್, ಅನಾತೋಲಿ ಅಲೆಕ್ಸಾಂದ್ರೋವ್, ಲಿಯೊನಿದ್ ಪೊಲೊವಿಂಕಿನ್, ವ್ಲಾದಿಮಿರ್ ದೆಶೆವೋವ್, ಬೊರಿಸ್ ಗೋಲ್ಟ್ಸ್, ವಿಕ್ಟರ್ ಕೊಸೆಂಕೊ. ಗೋಲ್ಟ್ಸ್ 1942ರಲ್ಲಿ ಲೆನಿನ್‌ಗ್ರಾದ್ ಮುತ್ತಿಗೆಯ ಹೊತ್ತಿಗೆ ತೀರಿಕೊಂಡ. ಮೂವತ್ತೂ ತುಂಬಿರಲಿಲ್ಲ. ಅವನ 24 ಪ್ರೆಲ್ಯೂಡ್‌ಗಳನ್ನು (ಚಿಕ್ಕ ಪಿಯಾನೋ ರಚನೆಗಳು) ನುಡಿಸಿ ನೋಡಿದರೆ ನಾನು ಯಾಕೆ ಇಷ್ಟು ಒದ್ದಾಡಿದೆ ಎಂದು ಗೊತ್ತಾಗುತ್ತದೆ.

ಹೆಸರಿನಿಂದ ಹುಡುಕಿದರೆ ಏನಾಗುತ್ತದೆ ಗೊತ್ತಲ್ವಾ? ಅಲೆಕ್ಸಾಂದ್ರೋವ್ ಎಂದು ಹಾಕಿ. ಸೋವಿಯತ್ ರಾಷ್ಟ್ರಗೀತೆಯ ಅಲೆಕ್ಸಾಂದ್ರೋವ್ ಸೇನಾ ಗಾಯನದ ಸಮೇತ ಸಾಲುಗಟ್ಟಿ ಬರುತ್ತಾನೆ. ಹದಿನಾಲ್ಕು ಪಿಯಾನೋ ಸೊನಾಟಾ (ದೊಡ್ಡ ರಚನೆ) ಬರೆದ ನಮ್ಮ ಅನಾತೋಲಿ ಎಲ್ಲೋ ತಳದಲ್ಲಿರುತ್ತಾನೆ. ಸೋವಿಯತ್ ಮುದ್ರಕರಿಗೂ ಇದೇ ಗೋಳಿತ್ತು. ಅದಕ್ಕೇ ಅವರು ಮುಖಪುಟದಲ್ಲಿ 'ಅ.' ಎಂದು ಬಿಡದೆ 'ಅನ್.' ಎಂದು ಎರಡಕ್ಷರ ಹಾಕುತ್ತಿದ್ದರು. ಆ 'ಅನ್' ಅನ್ನು ರಷ್ಯನ್ನರ ಸಿರಿಲಿಕ್ ಲಿಪಿಯಲ್ಲಿ ಚುಕ್ಕಿ ಸಮೇತ ಹಾಕಿ, ಅರ್ಧ ಕಸ ಅಲ್ಲೇ ಹೋಗುತ್ತದೆ. ಜದೆರಾತ್ಸ್ಕಿ ವಿಷಯದಲ್ಲಿ ಇನ್ನೂ ಕಷ್ಟ. ರಷ್ಯಾದ ಈಶಾನ್ಯ ಮೂಲೆಯ ಕೊಲಿಮಾದ ಸೆರೆಶಿಬಿರದಲ್ಲಿ ವಾದ್ಯವೇ ಇಲ್ಲದೆ, ಟೆಲಿಗ್ರಾಮ್ ಫಾರಂಗಳ ಮೇಲೆ 24 ಪ್ರೆಲ್ಯೂಡ್ ಮತ್ತು ಫ್ಯೂಗ್ (ಒಂದೇ ರಾಗವನ್ನು ಹಲವು ದನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ರಚನೆ) ಬರೆದವನು ತಂದೆ. ಮಗನಿಗೂ ಅದೇ ಹೆಸರು, ಅವನು ಸಂಗೀತ ಶಾಸ್ತ್ರದ ವಿದ್ವಾಂಸ. ತಂದೆಯನ್ನು ಹುಡುಕಿದರೆ ಮಗನ ಪುಸ್ತಕಗಳೇ ಬರುತ್ತವೆ.

1920ರ ದಶಕದ ಮುದ್ರಣಗಳಿಗೆ ಮಾತ್ರ ಹೆಸರು ಕೆಲಸ ಮಾಡುತ್ತದೆ, ಅದೂ ಜರ್ಮನ್ ಕಾಗುಣಿತದಲ್ಲಿ. ಆಗ ಮಾಸ್ಕೋದ ಸರ್ಕಾರಿ ಪ್ರಕಾಶನ ಮತ್ತು ವಿಯೆನ್ನಾದ ಯೂನಿವರ್ಸಲ್ ಎಡಿಷನ್ ಸೇರಿ ಅಚ್ಚು ಹಾಕುತ್ತಿದ್ದವು. ಹಾಗಾಗಿ ಆ ಕಾಲದ ರಚನಕಾರ ಮೊಸೊಲೋವ್‌ನ ಹೆಸರಿಗೆ ಎಸ್ ಎರಡು, ಕೊನೆಗೆ ಡಬ್ಲ್ಯು. ಆದರೆ ಇವು ಸಂಗ್ರಾಹಕರ ಮಾಲು. ಯುರೋಪಿನ ಒಬ್ಬ ವ್ಯಾಪಾರಿ ಮೊಸೊಲೋವ್‌ನ ಒಂದು ಸೊನಾಟಾಗೆ ನೂರೆಂಬತ್ತು ಯೂರೋ ಹೇಳಿದ. ಥ್ಯಾಂಕ್ಸ್ ಹೇಳಿ ಸುಮ್ನಾದೆ.

ದುಡ್ಡು ಹೋದದ್ದು ಬೇರೆ ಕಡೆ. ಮೊದಲೆಲ್ಲ ರಷ್ಯಾದ ಹಳೇ ಪುಸ್ತಕದವರಿಂದ ಒಂದೊಂದೇ ಆಲ್ಬಮ್ ತರಿಸುತ್ತಿದ್ದೆ. ಮುನ್ನೂರು ನಾನೂರು ರೂಪಾಯಿಗೆ ಪುಸ್ತಕ, ಅದರ ಎರಡರಷ್ಟು ಅಂಚೆ ಖರ್ಚು. 2022ರ ಮಾರ್ಚ್‌ನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಎರಡೂ ರಷ್ಯಾದಲ್ಲಿ ಕೆಲಸ ನಿಲ್ಲಿಸಿದವು. ಆಗಷ್ಟೇ ಕಟ್ಟಿದ್ದ ಒಂಬತ್ತು ಸಾವಿರದಷ್ಟು ದುಡ್ಡು ಅಲ್ಲೇ ಉಳಿಯಿತು. ಪುಸ್ತಕವೂ ಬರಲಿಲ್ಲ, ಮಾರುವವನ ಉತ್ತರವೂ ಬರಲಿಲ್ಲ. ಗ್ರಂಥಾಲಯಗಳಿಂದ ಸ್ಕ್ಯಾನ್ ತರಿಸಲು ಹೋದರೆ ಪುಟದ ಲೆಕ್ಕದಲ್ಲಿ ಬೆಲೆ. ಕೆಲವರದು ಕಾಪಿರೈಟ್ ಹೆಸರಲ್ಲಿ ಸೀದಾ ಇಲ್ಲ ಎಂಬ ಉತ್ತರ.

ಆಮೇಲೆ ದಿಕ್ಕು ಬದಲಿಸಿದೆ. ಸೋವಿಯತ್ ಒಕ್ಕೂಟದಲ್ಲಿ ಊರೂರಿಗೆ ಮಕ್ಕಳ ಸಂಗೀತ ಶಾಲೆ ಇತ್ತು. ಪ್ರತಿ ಶಾಲೆಗೂ ಪಠ್ಯದ ಸಂಕಲನಗಳು ಹೋಗುತ್ತಿದ್ದವು. ಅವುಗಳ ಮುಖಪುಟದಲ್ಲಿ ಸಂಗೀತಗಾರರ ಹೆಸರು ಇರುವುದಿಲ್ಲ. 'ಸೋವಿಯತ್ ಸಂಗೀತಗಾರರ ರಚನೆಗಳು', 'ಪಿಯಾನೋ ಪಾಠಮಾಲೆ, 6ನೇ ತರಗತಿ' ಇಂಥ ಸಪ್ಪೆ ಹೆಸರು. ಒಳಗೆ ನೋಡಿದರೆ ಗೋಲ್ಟ್ಸ್ ಇದ್ದಾನೆ, ಕೊಸೆಂಕೊ ಇದ್ದಾನೆ, ನಾವು ಹೆಸರೇ ಕೇಳದ ಅರ್ಮೇನಿಯಾದವರು, ಎಸ್ಟೋನಿಯಾದವರು ಇದ್ದಾರೆ. ಮಾಸ್ಕೋ ಮುದ್ರಣಗಳನ್ನಷ್ಟೇ ನೋಡಬೇಡಿ. ಕೀವ್‌ನ ಮುಜಿಚ್ನಾ ಉಕ್ರಾಯಿನಾ, ತಾಲಿನ್‌ನ ಈಸ್ತಿ ರಾಮತ್, ವಿಲ್ನಿಯಸ್‌ನ ವಾಗಾ ಈ ಪ್ರಕಾಶನಗಳಲ್ಲೇ ಜಾಸ್ತಿ ಮಜಾ ಇದೆ.

ಮಾರುವವರಿಗೆ ಇವು ರದ್ದಿ. ಪಿಯಾನೋ ಟೀಚರ್ ಅಜ್ಜಿ ತೀರಿಕೊಂಡರು, ಮನೆ ಖಾಲಿ ಮಾಡಬೇಕು, ಕಟ್ಟು ಕಟ್ಟಿ ಮಾರಿಬಿಡುತ್ತಾರೆ. ಜಾರ್ಜಿಯಾ ದೇಶದ ತ್ಬಿಲಿಸಿಯ ಡ್ರೈ ಬ್ರಿಜ್ ಸಂತೆಯಲ್ಲಿ ಹಳೇ ಸೋವಿಯತ್ ಸಾಮಾನೆಲ್ಲ ಬರುತ್ತದೆ. ಆ ಊರಿನಲ್ಲಿರುವ ಪರಿಚಯದ ಹುಡುಗನೊಬ್ಬ ನನಗಾಗಿ ಕಟ್ಟು ನೋಡಿ, ಪುಸ್ತಕಗಳ ಬೆನ್ನಿನ ಫೋಟೋ ಕಳಿಸುತ್ತಾನೆ. ಹತ್ತು ಕೆ.ಜಿ.ಯ ಕಟ್ಟಿಗೆ ನಾಲ್ಕು ಸಾವಿರದ ಹತ್ತಿರ, ಬೆಂಗಳೂರಿಗೆ ಸಾಗಣೆ ಏಳು ಸಾವಿರ. ಒಂದು ಕಟ್ಟಿನಲ್ಲಿ ಮುಕ್ಕಾಲು ಪಾಲು ಚೆರ್ನಿಯ ಎಟ್ಯೂಡ್‌ಗಳೇ (ಬೆರಳಿನ ಅಭ್ಯಾಸದ ರಚನೆಗಳು) ಇರುತ್ತವೆ, ಬೇಜಾರು ಮಾಡಿಕೊಳ್ಳಬಾರದು. ಉಳಿದ ಕಾಲು ಪಾಲಿನಲ್ಲಿ ನನಗೆ ಅಲೆಕ್ಸಾಂದ್ರೋವ್‌ನ ಎರಡು ಸೊನಾಟಾ ಬಿಡಿಯಾಗಿಯೇ ಸಿಕ್ಕವು. ಎಲ್ಲ ಸೇರಿಸಿ ಈವರೆಗೆ ಅರವತ್ತು ಸಾವಿರ ಆಗಿರಬಹುದು. ಮನೆಯಲ್ಲಿ ನಲವತ್ತು ಎಂದು ಹೇಳಿದ್ದೇನೆ.

ಕಟ್ಟಿನ ಫೋಟೋದಿಂದ ಒಳಗೆ ಏನಿದೆ ಎಂದು ತಿಳಿಯುವುದು ಹೇಗೆ? ರಷ್ಯನ್ ಸ್ಟೇಟ್ ಲೈಬ್ರರಿಯ ಆನ್‌ಲೈನ್ ಕ್ಯಾಟಲಾಗ್ ತೆರೆಯಿರಿ. ಸಂಕಲನದ ಹೆಸರು, ವರ್ಷ, ಸಂಪಾದಕರ ಹೆಸರು ಹಾಕಿ ಪರಿವಿಡಿ ಇದೆಯೇ ನೋಡಿ. ಸಂಪಾದಕರ ಹೆಸರನ್ನು ಹಿಡಿಯುವುದೇ ಇಲ್ಲಿನ ಕೀಲಿ. ಯಾವ ಸಂಪಾದಕರು ಎಂದು ಮಾತ್ರ ಕೇಳಬೇಡಿ. ನಾಲ್ಕು ಹೆಸರಿವೆ, ಅವು ನನ್ನ ಹತ್ತಿರವೇ ಇರಲಿ.

ಇನ್ನೊಂದನ್ನು ಬಾಯಿಬಿಟ್ಟೇ ಹೇಳುತ್ತೇನೆ. ಮುಖಪುಟ ಕಿತ್ತುಹೋದ ಪ್ರತಿ ಬಂದರೆ ಎಸೆಯಬೇಡಿ. ಪುಟದ ಅಡಿಯಲ್ಲಿ ಪ್ಲೇಟ್ ನಂಬರ್ (ಅಚ್ಚಿನ ಫಲಕಕ್ಕೆ ಪ್ರಕಾಶಕರು ಕೊಟ್ಟ ಸಂಖ್ಯೆ) ಇರುತ್ತದೆ. ಅಂಕಿಗೆ ಮೊದಲು 'ಎಮ್', ನಂತರ 'ಗೆ' ಎಂಬ ಸಿರಿಲಿಕ್ ಅಕ್ಷರ ಇದ್ದರೆ ಅದು ಸರ್ಕಾರಿ ಸಂಗೀತ ಪ್ರಕಾಶನ ಮುಜ್‌ಗಿಜ್‌ದು, ಅಂದರೆ 1964ಕ್ಕಿಂತ ಹಿಂದಿನದು. 'ಎಸ್' ಮತ್ತು 'ಕಾ' ಇದ್ದರೆ ಸೋವೆತ್ಸ್ಕಿ ಕಂಪೊಜಿತೋರ್ ಎಂಬ ಇನ್ನೊಂದು ಪ್ರಕಾಶನದ್ದು. ಗೊತ್ತಿರುವ ಪ್ರತಿಗಳ ನಂಬರ್‌ಗಳನ್ನು ಎಕ್ಸೆಲ್‌ನಲ್ಲಿ ವರ್ಷದ ಪ್ರಕಾರ ಸಾಲಾಗಿ ಬರೆದಿಟ್ಟೆ. ಈಗ ಅನಾಥ ಪುಟ ಬಂದರೂ ಒಂದೆರಡು ವರ್ಷದ ಅಂತರದಲ್ಲಿ ಕಾಲ ಹೇಳಬಲ್ಲೆ. ಕೊನೆಯ ಪುಟ ಉಳಿದಿದ್ದರೆ ಇನ್ನೂ ಒಳ್ಳೆಯದು. ಅಚ್ಚಿಗೆ ಹೋದ ದಿನ, ಪ್ರತಿಗಳ ಸಂಖ್ಯೆ, ಕೊಪೆಕ್‌ನಲ್ಲಿ (ರೂಬಲ್‌ನ ಪೈಸೆ) ಬೆಲೆ ಎಲ್ಲವೂ ಅಲ್ಲಿರುತ್ತದೆ. ಶಾಲೆಯ ಸಂಕಲನಗಳು ಹತ್ತಾರು ಸಾವಿರ ಪ್ರತಿ, ಕಷ್ಟದ ಸೊನಾಟಾಗಳು ಒಂದೆರಡು ಸಾವಿರ ಪ್ರತಿ. ಸಂಕಲನದ ಹಿಂದೆ ಹೋಗಿ ಎಂದು ನಾನು ಹೇಳುವುದು ಇದಕ್ಕೇ.

ನಡುವೆ ಒಂದು ಹುಚ್ಚು ಪ್ರಯೋಗ ಮಾಡಿದೆ. ಕೊಸೆಂಕೊ ಹಳೇ ನೃತ್ಯಗಳ ರೂಪದಲ್ಲಿ ಹನ್ನೊಂದು ಎಟ್ಯೂಡ್ ಬರೆದಿದ್ದಾನಲ್ಲ, ಅದರ ಪಾಸಕಾಲಿಯಾದ ಒಂದು ಹಾಳೆ ನನ್ನ ಪ್ರತಿಯಲ್ಲಿ ಇರಲಿಲ್ಲ. ಪಾಸಕಾಲಿಯಾ ಅಂದ ಮೇಲೆ ಬಾಸ್ (ಕೆಳದನಿಯ ಸಾಲು) ತಿರುಗಿ ತಿರುಗಿ ಬರಲೇಬೇಕು. ಬಾಸ್ ಮೊದಲು ಬರೆದುಕೊಂಡೆ. ಮೇಲಿನದನ್ನು ರೆಕಾರ್ಡಿಂಗ್ ಅರ್ಧ ವೇಗದಲ್ಲಿ ಕೇಳಿ ಮ್ಯೂಸ್‌ಸ್ಕೋರ್ ಎಂಬ ಸ್ವರಲಿಪಿ ತಂತ್ರಾಂಶದಲ್ಲಿ ತುಂಬಿದೆ. ತಿಂಗಳುಗಳ ನಂತರ ಪೂರ್ತಿ ಪ್ರತಿ ಸಿಕ್ಕಿತು, ಹೋಲಿಸಿದೆ. ಬಾಸ್ ಚಾಚೂ ತಪ್ಪಿರಲಿಲ್ಲ. ಒಳದನಿಗಳಲ್ಲಿ ನಾಲ್ಕೈದು ಕಡೆ ವ್ಯತ್ಯಾಸ, ಅದರಲ್ಲಿ ಒಂದು ಕಡೆ ನನ್ನದೇ ಚೆನ್ನಾಗಿದೆ ಎಂದು ನನಗೆ ಈಗಲೂ ಅನಿಸುತ್ತದೆ.

ಹಂಚುವ ಮೊದಲು ಲೆಕ್ಕ ನೋಡಿಕೊಳ್ಳಿ. ನಮ್ಮಲ್ಲಿ ಕಾಪಿರೈಟ್ ಕರ್ತೃ ತೀರಿಕೊಂಡು 60 ವರ್ಷದವರೆಗೆ. ಫೈನ್‌ಬರ್ಗ್ ಹೋದದ್ದು 1962ರಲ್ಲಿ, ಹಾಗಾಗಿ 2023ರಿಂದ ಮುಕ್ತ. ಆದರೆ ಅವನ ಮೂರನೇ ಸೊನಾಟಾ ಅಚ್ಚಾದದ್ದು ಅವನು ಹೋದ ಮೇಲೆ, 1974ರಲ್ಲಿ. ಅಂಥವಕ್ಕೆ ಅಚ್ಚಾದ ವರ್ಷದಿಂದ ಎಣಿಕೆ. ಅಲೆಕ್ಸಾಂದ್ರೋವ್ 1982ರವರೆಗೆ ಬದುಕಿದ್ದ. ಅವನನ್ನು ಯಾರಿಗೂ ಪಿಡಿಎಫ್ ಮಾಡಿ ಕೊಡುವುದಿಲ್ಲ, ಮನೆಗೆ ಬಂದು ನುಡಿಸಿ ಹೋಗಿ.

ರಷ್ಯಾದ ಪಿಯಾನೋ ರಚನಕಾರ ಮೆಟ್ನರ್ ಬಗ್ಗೆ ಕೇಳುವವರಿಗೆ: ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್ ದುಡ್ಡು ಹಾಕಿ ರೆಕಾರ್ಡ್ ಮಾಡಿಸಿದ ಮೆಟ್ನರ್, ಮೂರನೇ ಪಿಯಾನೋ ಕಾನ್ಸರ್ಟೊವನ್ನು (ವಾದ್ಯವೃಂದದ ಜೊತೆ ನುಡಿಸುವ ರಚನೆ) ಅವರಿಗೇ ಅರ್ಪಿಸಿದವನು. ಅವನಿಗಾಗಿ ಇಷ್ಟೆಲ್ಲ ಕಷ್ಟ ಬೇಡ. ಮುಜ್‌ಗಿಜ್ 1959ರಿಂದ 1963ರ ಒಳಗೆ ಹನ್ನೆರಡು ಸಂಪುಟ ತಂದಿತ್ತು. ಬಿಡಿ ಸಂಪುಟಗಳು ಇದೇ ಕಟ್ಟುಗಳಲ್ಲಿ ಬರುತ್ತವೆ. ನನ್ನ ಹತ್ತಿರ ಐದಿವೆ.

ಹಾಳೆಗಳ ಪಿನ್ನುಗಳು ತುಕ್ಕು ಹಿಡಿದಿರುತ್ತವೆ, ಬಂದ ದಿನವೇ ತೆಗೆದು ನೂಲಿನಲ್ಲಿ ಹೊಲಿಯಿರಿ. ಯುದ್ಧಕಾಲದ ಕಾಗದ ಮುಟ್ಟಿದರೆ ಹಪ್ಪಳ, ಮೊದಲು ಸ್ಕ್ಯಾನ್ ಮಾಡಿ ಆಮೇಲೆ ನುಡಿಸಿ. ಕಪಾಟಿಗೆ ಬಜೆ ಬೇರು ಹಾಕಿದ್ದೇನೆ, ಹುಳ ಬಂದಿಲ್ಲ.

ಪೊಲೊವಿಂಕಿನ್‌ನ 'ಎಲೆಕ್ಟ್ರಿಫಿಕಾತ್' ಹಳೇ ಮುದ್ರಣ ಇನ್ನೂ ಸಿಕ್ಕಿಲ್ಲ. ದೆಶೆವೋವ್‌ನ 'ರೇಲ್ಸ್' ಇರುವ ಸಂಕಲನ ನನ್ನಲ್ಲಿ ಎರಡು ಪ್ರತಿ ಇದೆ, ಒಂದಕ್ಕೆ ಮೂಲೆ ಹರಿದಿದೆ. ಅದಲುಬದಲಿಗೆ ತಯಾರಿದ್ದೇನೆ. ಮೂಲೆ ಹರಿಯದ್ದನ್ನು ಮಾತ್ರ ಕೊಡುವುದಿಲ್ಲ.